ಎಡಗಡೆ ಸೀಟಿನ ತೂಕ

ಜೀವಮಾನವೆಲ್ಲ ಮಗ್ಗದಲ್ಲಿ ಸಾವಿರಾರು ರೇಷ್ಮೆ ಎಳೆಗಳನ್ನು ನೆಟ್ಟಗೆ ನಿಲ್ಲಿಸಿದ ಕೈಗೆ ನಾಲ್ಕು ಚಕ್ರಗಳನ್ನು ನೆಟ್ಟಗೆ ನಿಲ್ಲಿಸುವುದು ಯಾವ ಲೆಕ್ಕ ಎಂದು ಕೊಳ್ಳೇಗಾಲದ ಚೌಡೇಶಪ್ಪನವರು ಹಜಾರದಲ್ಲಿ ನಿಂತು ಘೋಷಿಸಿದರು. ಕೇಳಲು ಇದ್ದವರು ಅವರ ಹೆಂಡತಿ ಅನಸೂಯಮ್ಮ ಒಬ್ಬರೇ. ಅವರು ಅವರೆಕಾಯಿ ಸುಲಿಯುತ್ತಿದ್ದರು; ತಲೆ ಎತ್ತಲಿಲ್ಲ.

"ಮಗ್ಗ ಇಟ್ಟ ಕಡೆ ಇರುತ್ತೆ," ಎಂದರು. "ಕಾರು ಇರುತ್ತಾ?"

ಆ ಕೆಂಪು ಕಾರು ಓಟದ ಜಾತಿಯದು. ಮೈಸೂರಿನ ಡಾಕ್ಟರೊಬ್ಬರು ಬೆನ್ನುನೋವು ತಾಳಲಾರದೆ ಮಾರಿದ್ದನ್ನು, ಬೆನ್ನು ಇನ್ನೂ ಗಟ್ಟಿಯಿದೆಯೆಂಬ ನಂಬಿಕೆಯಲ್ಲಿ ಚೌಡೇಶಪ್ಪ ಕೊಂಡಿದ್ದರು. ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಅದಕ್ಕೆ ಯಾರೂ ಹತ್ತುವುದಿಲ್ಲ, ಇಳಿಯುತ್ತಾರೆ. ಗುಣವೆಲ್ಲ ಚೆನ್ನ, ಎಡಕ್ಕೆ ಎಳೆಯುವುದೊಂದೇ ಚಾಳಿ. ಯಳಂದೂರಿನ ಕಡೆ ಹೊರಟರೆ, ಹೊನ್ನೂರಿನ ಕಬ್ಬಿನ ಗದ್ದೆ ಕಂಡ ಕೂಡಲೇ ಹಸಿದ ಎತ್ತಿನಂತೆ ಮೂತಿ ತಿರುಗಿಸುತ್ತಿತ್ತು. ಮನೆ ಸೇರುವಷ್ಟರಲ್ಲಿ ಯಜಮಾನರ ತೋಳುಗಳು ಸೋತು ಜೋತುಬೀಳುತ್ತಿದ್ದವು.

ತೋಳಿನ ನೋವಿಗಿಂತ ದೊಡ್ಡ ನೋವು ಇನ್ನೊಂದಿತ್ತು. ಕಾರು ಬಂದಾಗಿನಿಂದ ಅನಸೂಯಮ್ಮ ಅದರ ಎಡಗಡೆ ಸೀಟಿನಲ್ಲಿ ಒಮ್ಮೆಯೂ ಕೂತಿರಲಿಲ್ಲ.

"ಅದು ನೆಟ್ಟಗೆ ಹೋಗೋ ದಿನ ಹೇಳಿ, ಕೂರ್ತೀನಿ."

ಅಂಥ ದಿನವೊಂದು ಹತ್ತಿರ ಬಂತು. ಕೌದಳ್ಳಿಯಲ್ಲಿ ಅನಸೂಯಮ್ಮನ ತಂಗಿ ಚಂದ್ರಮ್ಮನ ಗೃಹಪ್ರವೇಶ. ಅನಸೂಯಮ್ಮನಿಗೆ ಮಂಡಿನೋವು, ಬಸ್ಸು ಹತ್ತಿ ಇಳಿಯುವುದು ಕಷ್ಟ. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹನೂರು ಪೇಟೆಯ ನಡುವೆ ಹಾದುಹೋಗಬೇಕು. ಚೌಡೇಶಪ್ಪನವರಿಗೆ ಉಳಿದಿದ್ದ ಆಸೆ ಅದೊಂದೇ.

ಹೀಗಾಗಿ ಮೊಬೈಲಿನಲ್ಲಿ ವಿದ್ಯಾಭ್ಯಾಸ ಆರಂಭವಾಯಿತು. ಚಕ್ರದ ತಲೆ ಒಳಕ್ಕೆ ವಾಲಿದ್ದರೆ ತಿರುವಿನಲ್ಲಿ ಹಿಡಿತ ಹೆಚ್ಚು. ಅದರ ಹೆಸರು ಕ್ಯಾಂಬರ್. ಚಕ್ರದ ಮೂತಿ ಒಳಗೆ ನೋಡುತ್ತಿದ್ದರೆ ಕಾರು ಸಾಧು, ಹೊರಗೆ ನೋಡುತ್ತಿದ್ದರೆ ಚುರುಕು. ಅದರ ಹೆಸರು ಟೋ. ಸಾಧುವೋ ಚುರುಕೋ ಎಂದು ಯೋಚಿಸುತ್ತ ಕೂತಿದ್ದರೆ ತಟ್ಟೆಯ ಮುದ್ದೆ ಆರಿ ಕಲ್ಲಾಗುತ್ತಿತ್ತು.

"ಚಕ್ರ ಒಳಗೆ ನೋಡಬೇಕೋ, ಹೊರಗೆ ನೋಡಬೇಕೋ? ನೀನೇನಂತೀಯೆ?"

"ರಸ್ತೆ ನೋಡಿದರೆ ಸಾಕು."

ಟೈರ್ ಅಂಗಡಿಯ ಮಾದೇಶನಿಗೆ ಇಂಥ ಚಿಂತೆಗಳಿರಲಿಲ್ಲ. "ಕಂಪ್ನಿ ಲೆಕ್ಕಕ್ಕೇ ಇಟ್ಟುಬುಡ್ಲಾ ಸಾ?" ಎಂದ.

"ಕಂಪನಿಯವರು ಕೌದಳ್ಳಿ ರಸ್ತೆ ನೋಡಿದ್ದಾರೇನಯ್ಯಾ?"

"ನಾನೂ ಆ ಕಡೀಕೆ ಓಗಿ ವರ್ಸ ಆಯ್ತು. ನೀವು ಏಳ್ದಂಗೇ ಮಾಡ್ತೀನಿ ಬುಡಿ."

ಚೌಡೇಶಪ್ಪ ತಾವು ಕಲಿತದ್ದನ್ನು ಹೇಳಿದರು. ಓಟದ ಕಾರಿನಲ್ಲಿ ಕೂರುವವರ ತೂಕವನ್ನು ಸೀಟಿನ ಮೇಲಿಟ್ಟೇ ಚಕ್ರ ಸರಿಪಡಿಸಬೇಕು. ಇಲ್ಲದಿದ್ದರೆ ಮಾಡಿದ್ದೆಲ್ಲ ವ್ಯರ್ಥ.

"ನಿಮ್ಮ ಸೀಟಲ್ಲಿ ನೀವೇ ಕೂತ್ಕತೀರಿ, ಸರಿ," ಎಂದ ಮಾದೇಶ. "ಅಮ್ಮಾರು ಎಷ್ಟು ತೂಗ್ತಾರೆ ಸಾ?"

ಚೌಡೇಶಪ್ಪ ಮನೆಗೆ ಬಂದು, ಚಪ್ಪಲಿ ಬಿಡುತ್ತ, ಹವಾಮಾನ ವಿಚಾರಿಸುವ ದನಿಯಲ್ಲಿ ಕೇಳಿದರು.

"ಅನಸೂಯಾ, ನೀನು ಎಷ್ಟು ತೂಗ್ತೀಯೆ?"

"ಯಾಕೆ, ಮಾರ್ತೀರಾ?"

"ಇಲ್ಲ ಕಣೆ, ಸುಮ್ನೆ."

"ಸುಮ್ನೆ ಕೇಳೋದಿದ್ರೆ ಮದುವೆಗೆ ಮುಂಚೆ ಕೇಳಬೇಕಿತ್ತು."

ಆ ಬಾಗಿಲು ಮುಚ್ಚಿತು. ಮರುದಿನ ಚೌಡೇಶಪ್ಪನವರಿಗೆ ಪುಣ್ಯದ ವೇಷದಲ್ಲಿ ಒಂದು ಉಪಾಯ ಹೊಳೆಯಿತು.

"ನಿನ್ನ ಮಂಡಿನೋವು ವಾಸಿಯಾಗಲಿ ಅಂತ ಮಾದಪ್ಪನಿಗೆ ಬೆಲ್ಲದ ತುಲಾಭಾರದ ಹರಕೆ ಹೊತ್ತಿದ್ದೀನಿ."

ಅನಸೂಯಮ್ಮನ ಕೈ ಮೊರದ ಮೇಲೆಯೇ ನಿಂತಿತು. "ನನಗೋಸ್ಕರವಾ?"

"ಇನ್ಯಾರಿಗೋಸ್ಕರ?"

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಸಂಜೆಯೊಳಗೆ ಸುದ್ದಿ ಬೀದಿಗೆಲ್ಲ ಹಬ್ಬಿತು. ಪಕ್ಕದ ಮನೆಯ ಶಿವರತ್ನಮ್ಮ ತಮ್ಮ ಗಂಡನನ್ನು ಹೊರಗೆ ಕರೆದು ಚೌಡೇಶಪ್ಪನವರನ್ನು ತೋರಿಸಿ, "ನೋಡಿ ಕಲೀರಿ," ಎಂದರು. ಚೌಡೇಶಪ್ಪ ನೆಲ ನೋಡಿದರು.

ಅಗರದ ಹಾದಿಯ ಮಾದಪ್ಪನ ಗುಡಿಗೆ ಆಟೋದಲ್ಲಿ ಹೋದರು. ಅನಸೂಯಮ್ಮ ಮದುವೆಯ ರೇಷ್ಮೆ ಸೀರೆಯುಟ್ಟು, ಮಡಿಲು ತುಂಬ ಅಕ್ಕಿ, ಕಾಯಿ ಕಟ್ಟಿಕೊಂಡು, ಶಿವರತ್ನಮ್ಮನ ತೋಳು ಹಿಡಿದು ನಿಧಾನವಾಗಿ ಬಂದು ತಕ್ಕಡಿಯಲ್ಲಿ ಕೂತರು. ತಟ್ಟೆ ದಡ್ಡೆಂದು ನೆಲ ಮುಟ್ಟಿತು. ಅರ್ಚಕ ಗುರುಪಾದಸ್ವಾಮಿಗಳು ಎದುರು ತಟ್ಟೆಗೆ ಬೆಲ್ಲದ ಅಚ್ಚುಗಳನ್ನು ಪೇರಿಸಿದರು. ಮತ್ತೆ ಪೇರಿಸಿದರು. ತಂದ ಬೆಲ್ಲ ಸಾಲದೆ ಯಳಂದೂರಿಗೆ ಆಟೋ ಓಡಿಸಿ ಇನ್ನಷ್ಟು ತರಿಸಬೇಕಾಯಿತು. ಮಂಡಿ ನೋಯುವುದರಲ್ಲಿ ತಪ್ಪೇನೂ ಇಲ್ಲವೆಂದು ಚೌಡೇಶಪ್ಪ ಮನಸ್ಸಿನಲ್ಲೇ ಅಂದುಕೊಂಡರು. ಮುಖದಲ್ಲಿ ಮಾತ್ರ ಭಕ್ತಿಯನ್ನೇ ಉಳಿಸಿಕೊಂಡಿದ್ದರು.

ಗುಡಿಯ ಪಾಲನ್ನು ಬೇರೆಯಾಗಿ ಕೊಂಡುಕೊಟ್ಟು, ತೂಗಿದ ಬೆಲ್ಲವನ್ನು ಚಂದ್ರಮ್ಮನ ಗೃಹಪ್ರವೇಶದ ಪಾಯಸಕ್ಕೆಂದು ಪ್ರಸಾದವಾಗಿ ಬೇಡಿ ಪಡೆದರು. ಅನಸೂಯಮ್ಮನಿಗೆ ಮತ್ತೊಮ್ಮೆ ಕಣ್ಣು ತುಂಬಿತು.

ಮರುದಿನ ಬೆಳಿಗ್ಗೆ ಪ್ರಸಾದ ಕೇಳಲು ಶಿವರತ್ನಮ್ಮ ಬಂದರು. ನೋಡಿದರೆ ಮೂಲೆಯಲ್ಲಿ ಬೆಲ್ಲದ ಮೂಟೆಯಿಲ್ಲ, ಹೊರಗೆ ಕಾರಿಲ್ಲ. ಅನಸೂಯಮ್ಮ, ಶಿವರತ್ನಮ್ಮ ಇಬ್ಬರೂ ಹುಡುಕುತ್ತ ಟೈರ್ ಅಂಗಡಿಗೆ ಬಂದರು. ಕಾರು ಕಬ್ಬಿಣದ ಅಟ್ಟಣೆಯ ಮೇಲೇರಿತ್ತು. ಬಲಗಡೆ ಚೌಡೇಶಪ್ಪ. ಎಡಗಡೆ, ಸೀಟ್ ಬೆಲ್ಟ್ ಬಿಗಿದುಕೊಂಡು, ಬೆಲ್ಲದ ಮೂಟೆ. ಮಡಿಲಿನ ಅಕ್ಕಿ, ಕಾಯಿಗೆ ಸರಿಯಾಗಿ ಕೆಲವು ಅಚ್ಚುಗಳನ್ನು ಲೆಕ್ಕ ಹಾಕಿ ತೆಗೆದಿದ್ದರು. ಮೂಟೆ ಅವರ ಕಡೆಗೆ ವಾಲುತ್ತಿತ್ತು.

"ಇನ್ನೇನು ಆಯ್ತು ಕಣೆ, ಸ್ವಲ್ಪ ನೆಟ್ಟಗೆ ಕೂತ್ಕೋ," ಎಂದು ಅವರು ಮೂಟೆಗೆ ಹೇಳುತ್ತಿದ್ದರು.

ಕಾರಿನಡಿಯಿಂದ ಮಾದೇಶನ ದನಿ ಬಂತು. "ಅಮ್ಮಾರ ತೂಕ ಸರ್ಯಾಗಿ ಕುಂತದೆ ಸಾ."

ಅನಸೂಯಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ಚೌಡೇಶಪ್ಪನವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಹರಕೆ ನನ್ನ ಮಂಡಿಗಲ್ಲ, ಕಾರಿನ ಕಾಲಿಗೆ," ಎಂದರು. "ಕೂತವರನ್ನ ಎಬ್ಬಿಸಬೇಡಿ. ಅವರನ್ನೇ ಕೌದಳ್ಳಿಗೆ ಕರ್ಕೊಂಡು ಬನ್ನಿ. ನಾನು ಬಸ್ಸಲ್ಲಿ ಹೋಗ್ತೀನಿ."

ಹಾಗೆಯೇ ಆಯಿತು. ಗೃಹಪ್ರವೇಶದ ದಿನ ಕಾರು ಮಗ್ಗದ ಎಳೆಯಂತೆ ನೆಟ್ಟಗೆ ಓಡಿತು. ಎಡಕ್ಕಿಲ್ಲ, ಬಲಕ್ಕಿಲ್ಲ. ಹನೂರು ಪೇಟೆಯನ್ನು ಚೌಡೇಶಪ್ಪ ಬೆಲ್ಲದ ಮೂಟೆಯೊಡನೆ ದಾಟಿದರು. ಇಷ್ಟು ಚೆನ್ನಾಗಿ ಓಡಿದ್ದನ್ನು ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಬೆಲ್ಲ ಹೂಂಗುಟ್ಟುವುದಿಲ್ಲ.

ಕೌದಳ್ಳಿಯಲ್ಲಿ ಬೆಲ್ಲ ಪಾಯಸವಾಯಿತು. ಉಳಿದದ್ದನ್ನು ನೆಂಟರು ಹಂಚಿಕೊಂಡರು. ಸಂಜೆ ಚೌಡೇಶಪ್ಪ ಕಾರಿನ ಬಾಗಿಲು ಹಿಡಿದು ನಿಂತೇ ಇದ್ದರು.

"ಹೊರಡಿ," ಎಂದರು ಅನಸೂಯಮ್ಮ.

"ನಿನ್ನ ತೂಕಕ್ಕೆ ಮಾಡಿಸಿಬಿಟ್ಟಿದ್ದೀನಿ. ನೀನಿಲ್ಲದೆ ಇದು ನೆಟ್ಟಗೆ ಹೋಗಲ್ಲ."

ಚಂದ್ರಮ್ಮ ನಕ್ಕುಬಿಟ್ಟಳು. "ಓಗಕ್ಕ. ಭಾವ ತಮ್ಮ ಬಾಯಲ್ಲಿ ಏಳಕ್ಕಾಗ್ದೆ ಕಾರಿನ ಬಾಯಲ್ಲಿ ಏಳುಸ್ತಾವ್ರೆ."

ಅನಸೂಯಮ್ಮ ಮಂಡಿ ನೀವಿಕೊಂಡು, ನಿಟ್ಟುಸಿರು ಬಿಟ್ಟು, ಕಾರಿನೊಳಗೆ ಇಳಿದರು. ಚೌಡೇಶಪ್ಪನವರ ಎದೆ ತುಂಬಿತು. ಊರು ದಾಟುತ್ತಲೇ ಕಾರು ಬಲಕ್ಕೆ ಎಳೆಯಿತು. ಅವರು ಎಡಕ್ಕೆ ಜಗ್ಗಿದರು. ಅದು ಮತ್ತೆ ಬಲಕ್ಕೆ ಹೋಯಿತು. ಎಡಗಡೆ ಭಾರ ಸಾಲುತ್ತಿಲ್ಲ. ಹೆಂಡತಿಯನ್ನು ಓರೆಗಣ್ಣಿನಿಂದ ನೋಡಿದರು. ಕೇಳುವ ಧೈರ್ಯ ಬರಲಿಲ್ಲ. ಹನೂರು ಕಾಣುವ ಹೊತ್ತಿಗೆ ತೋಳುಗಳು ಸೋತವು.

"ಸಾಕು, ಒದ್ದಾಡಬೇಡಿ," ಎಂದರು ಅನಸೂಯಮ್ಮ, ಕಿಟಕಿಯಾಚೆ ನೋಡುತ್ತ. "ಅವತ್ತು ಮಡಿಲಲ್ಲಿ ಅಕ್ಕಿಯ ಕೆಳಗೆ ರುಬ್ಬೋ ಗುಂಡು ಇಟ್ಕೊಂಡಿದ್ದೆ."

"ಗುಂಡುಕಲ್ಲು? ಯಾಕೆ?"

"ಮೊದಲನೇ ಸಲ ನನಗೋಸ್ಕರ ಹರಕೆ ಹೊತ್ತಿದ್ರಿ. ಅದು ಹಗುರಾಗಬಾರದು ಅಂತ."

ಚೌಡೇಶಪ್ಪ ಮಾದೇಶನ ಅಂಗಡಿಗೆ ಮತ್ತೆ ಹೋಗಲಿಲ್ಲ. ಮಾರನೆಯ ದಿನ ತಾವೇ ರುಬ್ಬುವ ಗುಂಡನ್ನು ತೊಳೆದು ತಂದು ಎಡಗಡೆ ಸೀಟಿನ ಕೆಳಗಿಟ್ಟರು. ಅಂದಿನಿಂದ ಆ ಮನೆಯಲ್ಲಿ ಮಿಕ್ಸಿಯ ಚಟ್ನಿ. ಕಾರು ನೆಟ್ಟಗೆ ಓಡುತ್ತದೆ, ಎಡಗಡೆ ಅನಸೂಯಮ್ಮ ಕೂರುತ್ತಾರೆ.

ಮೊನ್ನೆ ಬಂಕಿನಲ್ಲಿ ಪೆಟ್ರೋಲ್ ಹಾಕುವವನು ಬಗ್ಗಿ ನೋಡಿ, "ಇದ್ಯಾಕಮ್ಮ ಕಲ್ಲು?" ಎಂದು ಕೇಳಿದ.

"ಅದು ನಮ್ಮ ಯಜಮಾನರ ಭಕ್ತಿ ಕಣಪ್ಪ," ಎಂದರು ಅನಸೂಯಮ್ಮ. "ತೂಕ ಕಮ್ಮಿ ಬಿದ್ದಿತ್ತು."