ಯೂ ಇಲ್ಲದ ಕ್ಯೂ

ಆ ಶನಿವಾರ ಬೆಳಿಗ್ಗೆ ವಾರಿ ಪಟ್ಟಣದ ಮೇಲೆ ಹರ್ಮಟಾನ್ ಗಾಳಿ ಇಳಿದಿತ್ತು. ಮರುಭೂಮಿಯ ದೂಳನ್ನು ಹೊತ್ತು ತಂದು, ಮೇಲುಕೀಳೆನ್ನದೆ ಚರ್ಚಿನ ಗಂಟೆಯ ಮೇಲೂ ಒಣಗಲು ಹಾಕಿದ ಒಳಂಗಿಯ ಮೇಲೂ ಸಮನಾಗಿ ಹರಡಿ, ಸೂರ್ಯನನ್ನು ಸವೆದ ಕಾಸಿನಂತೆ ಮಂಕು ಮಾಡಿತ್ತು. ಹೊಲಿಗೆ ಯಂತ್ರ ರಿಪೇರಿ ಮಾಡುವ ಎಸಿರಿ ಪ್ರಾರ್ಥನೆ ಮುಗಿಸಿ, ಇಸ್ತ್ರಿಯಾದ ಅಂಗಿ ತೊಟ್ಟು, ಜಿನ್ ಬಾಟಲಿಯೊಂದನ್ನು ಕಂಕುಳಲ್ಲಿ ಇರುಕಿಕೊಂಡು ಹೊರಬಿದ್ದ. ಅವನು ಮಾಡಿದ ತಪ್ಪು ಅಷ್ಟೇ. ಬಾಟಲಿಯನ್ನು ಚೀಲದೊಳಗೆ ಇಟ್ಟುಕೊಳ್ಳಬೇಕಿತ್ತು.

"ಹೆಣ್ಣು ಕೇಳೋಕೆ ಹೊರಟೆಯೇನೋ?" ಅಂಗಳ ಗುಡಿಸುತ್ತಿದ್ದ ಮನೆಯೊಡತಿ ತೆಗಾನಮ್ಮ ಪೊರಕೆಯನ್ನೇ ಅಡ್ಡ ಹಿಡಿದಳು. "ಯಾರ ಮನೆಗಪ್ಪಾ?"

"ಒಕೊರೊ ಮೇಷ್ಟ್ರ ಮನೆಗಮ್ಮಾ. ಅವರ ಕಿರಿ ಮಗಳು ಒನೊಮೆ..."

ಪೊರಕೆ ಕೆಳಗೆ ಬಿತ್ತು. "ಅಯ್ಯೋ ನನ್ನ ದೇವರೇ! ಬರೀ ಬಾಟಲಿ ಹಿಡ್ಕೊಂಡಾ? ಆ ಹುಡುಗೀನ ಕೇಳಿ ಮೂರು ಜನ ಬಾಟಲಿ ಕೊಟ್ಟಾಯ್ತು. ಮೂವರಿಗೂ ವಾಪಸ್ ಬಂತು. ಮೇಷ್ಟ್ರು ಮೊದಲು ಸ್ಕ್ರ್ಯಾಬಲ್ ಆಟಕ್ಕೆ, ಅದೇ ಬಿಲ್ಲೆ ಜೋಡಿಸಿ ಇಂಗ್ಲಿಷ್ ಪದ ಕಟ್ಟೋ ಆಟಕ್ಕೆ, ಕೂರಿಸ್ತಾರೆ ಕಣೋ!"

ಎಸಿರಿ ಬಾಟಲಿಯನ್ನು ಬೆನ್ನ ಹಿಂದೆ ಸರಿಸಿಕೊಂಡ. ಕೊಟ್ಟ ಬಾಟಲಿ ಹೆಣ್ಣಿನ ಮನೆಯಲ್ಲಿ ಉಳಿದರೆ ಒಪ್ಪಿಗೆ. ತಿರುಗಿ ಕೈಗೆ ಬಂದರೆ ಅಲ್ಲಿಗೆ ಮುಗಿಯಿತು, ಮರುಮಾತಿಲ್ಲ. "ಆ ಮೂವರೂ ಸೋತರಾ?"

"ಸೋಲದೆ ಮತ್ತೆ? ಗೆದ್ದವನ ಬಾಟಲಿ ಯಾರಾದ್ರೂ ವಾಪಸ್ ಕೊಡ್ತಾರಾ?"

ಎಸಿರಿಗೆ ಇಂಗ್ಲಿಷ್ ಬಾರದೆ ಇರಲಿಲ್ಲ. ಗಿರಾಕಿಯ ಜೊತೆ ಚೌಕಾಸಿ ಮಾಡುವಷ್ಟು, ಚರ್ಚಿನಲ್ಲಿ ಹಾಡುವಷ್ಟು ಬರುತ್ತಿತ್ತು. ಸಾಲದು ಎನಿಸಿ ಕ್ಷೌರಿಕ ದಾಫೆಯ ಅಂಗಡಿಗೆ ಓಡಿದ. ಅಕ್ಷರದ ಬಿಲ್ಲೆ ಜೋಡಿಸುವುದರಲ್ಲಿ ಆ ಬೀದಿಗೇ ದಾಫೆ ಜಟ್ಟಿ.

"ಕೂತ್ಕೋ, ಗಡ್ಡಾನೂ ಆಗಲಿ, ಪಾಠಾನೂ ಆಗಲಿ," ಎಂದು ದಾಫೆ ನೊರೆ ಬಳಿದ. "ಎಲ್ರೂ ಹೆದರೋದು ಕ್ಯೂ ಅಕ್ಷರಕ್ಕೆ. ಹೊಸ ಸೊಸೆ ನೋಡು ಅದು, ಅತ್ತೆ ಯೂ ಜೊತೆಗಿಲ್ಲದೆ ಹೊಸ್ತಿಲು ದಾಟಲ್ಲ. ಆದ್ರೆ ಯೂ ಇಲ್ಲದೇನೇ ಕ್ಯೂ ಒಂಟಿಯಾಗಿ ತಿರುಗೋ ಪದ ಕೆಲವಿವೆ. ಅವು ಬಂದ್ರೆ ನೀನೇ ರಾಜ. ಹೇಳು: ಚೀ, ಕಾಟ್, ಕನಾತ್, ಫಕೀರ್..."

ಒಂದೊಂದು ಪದಕ್ಕೂ ಒಂದೊಂದು ಸಲ ಕತ್ತಿ ಆಡಿತು. 'ಫಕೀರ್' ಎಂದು ಎಸಿರಿ ಉತ್ಸಾಹದಿಂದ ತುಟಿಯುಬ್ಬಿಸಿದಾಗ ಅವನ ಅರ್ಧ ಮೀಸೆ ನೊರೆಯ ಜೊತೆ ನೆಲಕ್ಕೆ ಹೋಯಿತು. ಕನ್ನಡಿಯಲ್ಲಿ ಕಂಡದ್ದನ್ನು ಅವನಿಗೆ ನಂಬಲಾಗಲಿಲ್ಲ.

"ಉಳಿದದ್ದನ್ನೂ ತೆಗೀಲಾ?"

"ಮುಟ್ಟಬೇಡ ಮಾರಾಯ!"

ಶೇರ್ ಆಟೊದಲ್ಲಿ ಅವನು ಕಣ್ಣು ಮುಚ್ಚಿ, "ಚೀ, ಕಾಟ್, ಕನಾತ್, ಫಕೀರ್," ಎಂದು ಜಪಿಸತೊಡಗಿದ. ಪಕ್ಕದಲ್ಲಿ ಬಿಳಿ ನಿಲುವಂಗಿಯ ದಢೂತಿ ಹೆಂಗಸೊಬ್ಬಳು ಪ್ರಾರ್ಥನೆಗೆ ಹೊರಟಿದ್ದಳು. ಅರ್ಧ ಮೀಸೆಯನ್ನು ನೋಡಿದಳು, ಮಂತ್ರವನ್ನು ಕೇಳಿದಳು. ಮರುಗಳಿಗೆಯೇ ಅವಳ ಅಂಗೈ ಅವನ ನೆತ್ತಿಯ ಮೇಲೆ ಹಲಸಿನ ಹಣ್ಣಿನಂತೆ ಬಿತ್ತು.

"ಇವನ ಮೈಮೇಲೆ ಬಂದಿದೆ! ಬಿಟ್ಟು ತೊಲಗು!"

"ಅಮ್ಮಾ, ಇವು ಇಂಗ್ಲಿಷ್ ಪದ!"

"ನನ್ನ ಮಗಳು ಎಂ.ಎ. ಓದಿದಾಳೆ. ಇಂಥ ಇಂಗ್ಲಿಷ್ ದೆವ್ವ ಬಿಟ್ಟು ಬೇರೆ ಯಾರೂ ಮಾತಾಡಲ್ಲ!"

ಅವಳು ತನ್ನ ಸೀಸೆಯ ಪ್ರಾರ್ಥನೆ ಎಣ್ಣೆಯನ್ನು ಅವನ ತಲೆಗೆ ಸುರಿದಳು. ಎಲ್ಲರೂ "ಆಮೆನ್" ಎಂದರು. ಚಾಲಕನೂ ಭಕ್ತಿಯಿಂದ ಎರಡು ಕೈ ಎತ್ತಿದ. ಆಟೊ ಮೇಷ್ಟ್ರ ಬೀದಿಯನ್ನು ದಾಟಿ, ಟೊಮೇಟೊ ಮಾರುವವಳ ಬುಟ್ಟಿಯನ್ನು ಮುಟ್ಟಿಯೇ ನಿಂತಿತು.

ಎಣ್ಣೆ, ದೂಳು, ಅರ್ಧ ಮೀಸೆಗಳ ಸಮೇತ ಎಸಿರಿ ಮೇಷ್ಟ್ರ ಜಗಲಿ ಮುಟ್ಟಿದ. ಅಲ್ಲಿ ಬೆಂಚಿನ ಮೇಲೆ ಮೂವರು ಗಂಡಸರು ಹಲ್ಲು ಕೀಳಿಸಲು ಬಂದವರ ಹಾಗೆ ಕೂತಿದ್ದರು. ಯಾರೋ ಆಟ ನೋಡಲು ಬಂದವರಿರಬೇಕೆಂದುಕೊಂಡು ಅವನು ಮಂಡಿಯೂರಿ, "ಮಿಗ್ವೊ," ಎಂದು ಮೇಷ್ಟ್ರಿಗೆ ವಂದಿಸಿದ.

"ವ್ರೆಂದೊ, ಏಳಪ್ಪಾ." ಮೇಷ್ಟ್ರು ಮೀಸೆಯ ಬಗ್ಗೆ ಏನೂ ಕೇಳಲಿಲ್ಲ. ಬಾಟಲಿಯನ್ನು ಒಳಗೆ ಕಳಿಸಿ, ಹಲಗೆ ಬಿಡಿಸಿದರು. "ಬಿಲ್ಲೆ ತೆಗಿ."

ನೀರು ತಂದ ಒನೊಮೆ ಅವನ ಕಾಲನ್ನು ಬಲವಾಗಿ ತುಳಿದಳು. ಆಮೇಲೆ ಪರದೆಯ ಸಂದಿನಲ್ಲಿ ನಿಂತು, ಬೇಡ ಬೇಡ ಎನ್ನುವಂತೆ ತಲೆ ಅಲ್ಲಾಡಿಸಿದಳು. ಪಾಪ, ಸೋತೇನೆಂದು ಹೆದರಿದ್ದಾಳೆ ಎಂದುಕೊಂಡ ಅವನು. ಗೆದ್ದೇ ಸಿದ್ಧ ಎಂದು ಹಲ್ಲು ಕಚ್ಚಿದ.

ಆಟ ಮುಗಿಯುತ್ತ ಬಂದಾಗ ಅಂಕದಲ್ಲಿ ಮೇಷ್ಟ್ರೇ ಮುಂದಿದ್ದರು. ಚೀಲದ ತಳದಲ್ಲಿ ಉಳಿದ ಕೊನೆಯ ಬಿಲ್ಲೆಗೆ ಎಸಿರಿ ಕೈಹಾಕಿದ. ಕ್ಯೂ! ಯೂ ಇರಲಿಲ್ಲ. ಆದರೆ ಎಫ್ ಇತ್ತು, ಎ ಇತ್ತು, ಐ ಇತ್ತು. ಹಲಗೆಯ ಅಂಚಿನಲ್ಲಿ, ಅಂಕವನ್ನು ಮೂರು ಪಟ್ಟು ಮಾಡುವ ಮನೆಯ ಪಕ್ಕದಲ್ಲೇ, ಒಂಟಿ ಆರ್ ಕಾದು ಕೂತಿತ್ತು. ಎಫ್, ಎ, ಕ್ಯೂ, ಐ ಬಿಲ್ಲೆಗಳನ್ನು ಆರ್‌ಗೆ ತಾಗಿಸಿ ಇಟ್ಟ: ಫಕೀರ್.

"ಇಂಥ ಪದ ಇಲ್ಲ!" ಮೇಷ್ಟ್ರು ನಿಘಂಟು ಎಳೆದರು. ಅವರ ಬೆರಳು ಪುಟದುದ್ದ ಇಳಿಯುತ್ತ ಇಳಿಯುತ್ತ ಒಂದು ಕಡೆ ನಿಂತಿತು. ಬೆಂಚಿನಲ್ಲೊಬ್ಬ ಮುಖ ಮುಚ್ಚಿಕೊಂಡ.

"ಇದೆ, ನೀನೇ ಗೆದ್ದೆ," ಎಂದರು ಮೇಷ್ಟ್ರು. ಕಣ್ಣು ತುಂಬಿ ಬಂದಿತ್ತು. ಎಸಿರಿಯನ್ನು ಎಣ್ಣೆಯ ಸಮೇತ ಅಪ್ಪಿಕೊಂಡರು. "ದೇವರು ದೊಡ್ಡವನು! ಎಂಥ ಆಟಗಾರನ್ನ ಕಳಿಸಿದಾನೆ!"

"ಹಾಗಾದ್ರೆ ಮದುವೆ...?"

"ಮದುವೆಯಾ?" ಮೇಷ್ಟ್ರು ಬೆಚ್ಚಿ ಹಿಂದೆ ಸರಿದರು. "ಅಳಿಯ ಆದೋನು ಮಾವನ ಮಾತನ್ನ ತಪ್ಪು ಅನ್ನೋ ಹಾಗಿಲ್ಲ, ನಮ್ಮ ಮನೆತನದ ಕಟ್ಟು. ಎದುರು ಕೂತು ಆಡೋದೆಲ್ಲಿ ಬಂತು? ಹಿರಿ ಅಳಿಯಂದಿರು ಇಬ್ಬರಿಗೂ ಬೆಕ್ಕಿಗೆ ಎಷ್ಟು ಅಕ್ಷರ ಅಂತ ಗೊತ್ತಿಲ್ಲ. ಹಾಯಾಗಿ ಸೋತ್ರು, ಸಂತೋಷವಾಗಿ ಹೆಣ್ಣು ಕೊಟ್ಟೆ. ನಿನ್ನಂಥೋನ್ನ ಅಳಿಯ ಮಾಡ್ಕೊಂಡು ಕಳ್ಕೊಳ್ಳಲೇನೋ? ಪ್ರತಿ ಶನಿವಾರ ಬಾ, ಮಗಾ."

ಎಸಿರಿ ಮೆಲ್ಲಗೆ ಬೆಂಚಿನ ಕಡೆ ತಿರುಗಿದ. "ಹಾಗಾದ್ರೆ ನೀವು...?"

"ನಾನು ಹೋದ ವರ್ಷ ಗೆದ್ದೆ," ಎಂದ ಮೊದಲನೆಯವ.

"ನಾನು ಈಸ್ಟರ್ ಹಬ್ಬಕ್ಕೆ," ಎಂದ ಎರಡನೆಯವ.

ಮೂರನೆಯವ ಕೊಂಚ ಸರಿದು ಬೆಂಚಿನಲ್ಲಿ ಜಾಗ ಮಾಡಿದ. ಎಸಿರಿ ಕುಸಿದು ಕೂತ.

ಪರದೆ ಸರಿಯಿತು. ಒನೊಮೆ ಹೊರಗೆ ಬಂದು, ಬಾಟಲಿಯ ಮೇಲೆ ಕೂತಿದ್ದ ದೂಳನ್ನು ಸೆರಗಿನಿಂದ ಒರೆಸಿ, ಅದನ್ನು ಅವನ ಕೈಗಿಟ್ಟಳು.