ನೆಗೆಣ್ಣಿಯ ಅಂಗಳದ ಕೆಂಪು ಚುಕ್ಕೆ

ತನ್ನ ಊರಿನ ನೀರನ್ನು ಹೊಗಳದ ಮುದುಕಿಯನ್ನು ನಾನು ಕಂಡಿಲ್ಲ. ನಾನಂತೂ ಹೊಗಳಿ ಸುಮ್ಮನಾಗುವವಳಲ್ಲ, ಹೊತ್ತುಕೊಂಡೂ ಬರುವವಳು. ಕಮಲಾಪುರದ ನಮ್ಮ ಬಾವಿಯ ನೀರಿನಲ್ಲಿ ತೊಗರಿಬೇಳೆ ಬೆಣ್ಣೆಯಂತೆ ಬೇಯುತ್ತದೆ. ಕಲಬುರಗಿಯ ಗಾಜಿಪುರದಲ್ಲಿ ಮಗ ಹಾಕಿಸಿದ ಬೋರಿನ ನೀರಿನಲ್ಲಿ ಎಷ್ಟು ಕುದಿಸಿದರೂ ಬೇಳೆ ಬೇಳೆಯಾಗಿಯೇ ಉಳಿಯುತ್ತದೆ. ಹಾಗಾಗಿ ಮೊಮ್ಮಗನಿಗೆ ಮೇಲುಹಾಲು ಶುರುವಾದಾಗ, ಅದಕ್ಕೆ ಬೆರೆಸಲು ನಮ್ಮ ಬಾವಿಯ ನೀರೇ ಆಗಬೇಕೆಂದು ಹಟ ಹಿಡಿದೆ. ವಾರವಾರ ಕ್ಯಾನು ಹಿಡಿದು ಬಸ್ಸು ಹತ್ತುತ್ತಿದ್ದೆ. ಕಂಡಕ್ಟರು ಲಗೇಜಿನ ಮಾತೆತ್ತಿದರೆ ಅವನಿಗೂ ಒಂದು ಲೋಟ ಕುಡಿಸಿ ಬಾಯಿ ಮುಚ್ಚಿಸುತ್ತಿದ್ದೆ. ಸೊಸೆ ಏನೂ ಅನ್ನುತ್ತಿರಲಿಲ್ಲ. ಏನೂ ಅನ್ನದ ಸೊಸೆಯನ್ನು ನಂಬಬಾರದು.

ಅವಳ ತಂಗಿ ಶೋಭಾ ದೊಡ್ಡ ಓದು ಓದುತ್ತಿದ್ದಳು. ಬಾವಿ, ಬೋರುಗಳ ನೀರು ಪರೀಕ್ಷಿಸಿ ಕಂಪ್ಯೂಟರಿನಲ್ಲಿ ನಕಾಶೆ ಮಾಡುವುದು ಅವಳ ಕೆಲಸ. ಕಮಲಾಪುರಕ್ಕೂ ಬಂದು ನಮ್ಮ ಬಾವಿಯ ನೀರು ಬಾಟಲಿಗೆ ತುಂಬಿಕೊಂಡಳು. ಜಾಗ ಗುರುತಿಸುವ ಜಿಪಿಎಸ್ ಯಂತ್ರವೊಂದು ಅವಳ ಕೈಯಲ್ಲಿತ್ತು. ಬಾವಿಯ ಮೇಲೆ ಕವಿದ ಬೇವಿನಮರದ ಕೆಳಗೆ ಅದಕ್ಕೆ ಆಕಾಶವೇ ಕಾಣಲಿಲ್ಲವಂತೆ. ದಾರಿಯಾಚೆ ನನ್ನ ನೆಗೆಣ್ಣಿಯ, ಅಂದರೆ ಮೈದುನನ ಹೆಂಡತಿಯ, ಅಂಗಳ ಬಯಲಾಗಿದೆ, ಅಲ್ಲಿ ನಿಂತುಕೋ ಎಂದು ನಾನೇ ಕಳಿಸಿದೆ. ಅಲ್ಲಿ ಅವಳದೂ ಒಂದು ಬಾವಿಯಿದೆ, ಅದರ ನೀರು ನನಗೆಂದೂ ಹಿಡಿಸಿದ್ದಿಲ್ಲ.

ಮುಂದೊಂದು ದಿನ ಗಾಜಿಪುರದ ಮನೆಗೆ ನಕಾಶೆ ತಂದು ಹಾಸಿದಳು. ಹಸಿರು ಒಳ್ಳೆಯದು, ಕೆಂಪು ಕೆಟ್ಟದ್ದು ಎಂದಳು. ನಮ್ಮ ಓಣಿಯನ್ನೂ ಬೆರಳಿಟ್ಟು ತೋರಿಸಿದಳು. ಕೆಂಪು ಚುಕ್ಕೆ ಸರಿಯಾಗಿ ನೆಗೆಣ್ಣಿಯ ಅಂಗಳದಲ್ಲಿ ಬಿದ್ದಿತ್ತು. ನನ್ನ ಹೊಟ್ಟೆ ತಣ್ಣಗಾಯಿತು.

“ನಾ ಹೇಳಿದ್ದಿಲ್ಲೇನು? ಆಕಿ ಬಾವಿ ಕಡಿ ನಾ ಹೊಳ್ಳಿ ಸೈತ ನೋಡಂಗಿಲ್ಲ.”

“ನಾ ನಿಂತಿದ್ದು ಅವರ ಅಂಗಳದಾಗರಿ ಅತ್ತಿ, ನೀರು ನಿಮ್ಮದು,” ಎಂದಳು ಶೋಭಾ. “ಬಾವಿ ಮಗ್ಗಲದಾಗ ತಿಪ್ಪಿ ಅದಲ್ರಿ, ಅದರದು ಇಳಿದು ನೈಟ್ರೇಟ್ ಭಾಳ ಆಗ್ಯದ. ಕುದಿಸಿದರೂ ಹೋಗಂಗಿಲ್ಲ. ಸಣ್ಣ ಕೂಸಿನ ಉಸಿರಿಗೇ ಕುತ್ತು ತರ್ತದ.”

ಅಕ್ಕನ ಪರವಾಗಿ ಯಂತ್ರ ಕಟ್ಟಿಕೊಂಡು ಬಂದಿದ್ದೀಯಾ ಎಂದು ಅವಳ ಮುಖದ ಮೇಲೇ ಅಂದುಬಿಟ್ಟೆ. ಹುಡುಗಿ ಸಿಟ್ಟಾಗಲಿಲ್ಲ. ಅಕ್ಕನ ಮನೆಯ ಬೋರಿನ ನೀರು ಗಡಸು, ಬೇಳೆಗೆ ಆಗದು, ಆದರೆ ಕೂಸಿಗೆ ಅಡ್ಡಿಯಿಲ್ಲ ಎಂದಳಷ್ಟೆ. ಸೊಸೆ ಮಗುವನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಕ್ಯಾನನ್ನು ನಾನೇ ಎತ್ತಿ ಕರಿಬೇವಿನ ಗಿಡಕ್ಕೆ ಸುರಿದೆ.

ಬೋರಿನ ನೀರು ಕಾಯಿಸಿ ಬೆರೆಸಿದ ಹಾಲನ್ನು ಮಗು ಉಗುಳಿಯೇ ತೀರುತ್ತದೆ ಎಂದು ಮರುದಿನ ಪಕ್ಕದಲ್ಲೇ ಕುಳಿತು ಕಾದೆ. ಗಟಗಟ ಕುಡಿದು ಮಲಗಿತು. ಒಂದಿಷ್ಟೂ ಹಟವಿಲ್ಲ. ತಾಯಿಯ ಕಡೆಯವರನ್ನು ಹೋತಿರಬೇಕು.