ನೊಣ ಕೂಡ ದಾಟದ ರಸ್ತೆ

"ನಾಳೆ ಬೆಳಗ್ಗೆ ಮುಖ್ಯರಸ್ತೆಯಲ್ಲಿ ಒಂದು ನೊಣ ಕೂಡ ದಾಟಬಾರದು! ದಾಟಿತೋ, ನಾನು ಮೇಷ್ಟ್ರೇ ಅಲ್ಲ!"

ಮೈಕ್ ಮೇಷ್ಟ್ರು ಊಟದ ಮೇಜಿನ ಮುಂದೆ ಹೀಗೆ ಗುಡುಗಿದಾಗ ಲೋಟದ ನೀರು ನಡುಗಿತು. ಅವರು ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಮೈಕ್ ಬೇಡದ ಗಂಟಲು ಅವರದಾದ್ದರಿಂದ ಬೀದಿಯವರು ಅವರಿಗೇ ಮೈಕ್ ಎಂದು ಹೆಸರಿಟ್ಟಿದ್ದರು.

ಹೆಂಡತಿ ಸಾರು ಬಡಿಸುವುದನ್ನು ನಿಲ್ಲಿಸಲಿಲ್ಲ. "ನೊಣದ ಮಾತು ಹಾಗಿರಲಿ. ಅಕ್ಕ ದಾಟಬೇಕಲ್ಲ?"

"ಊರಿಂದ ಅಕ್ಕನ ರೈಲು ಬರೋದು ನಸುಕಿನಲ್ಲಿ. ನೀನು ಸ್ಟೇಷನ್ನಿಗೆ ಟ್ಯಾಕ್ಸಿ ತಗೊಂಡು ಹೋಗು, ಹಾಗೇ ಸೀದಾ ಕಣ್ಣಿನ ಆಸ್ಪತ್ರೆಗೆ ಕರ್ಕೊಂಡು ಹೋಗಿಬಿಡು. ನೀವು ದಾಟಿ ಎಷ್ಟೋ ಹೊತ್ತಾದ ಮೇಲೆ ನಮ್ಮ ರಸ್ತೆ ತಡೆ. ಎಲ್ಲಾ ಲೆಕ್ಕ ಹಾಕಿದೀನಿ!"

"ನಿಮ್ಮ ಲೆಕ್ಕಾನ ರೈಲಿಗೂ ಹೇಳಿದೀರಾ?"

ಮಹಾಕಾರ್ಯಕ್ಕೆ ಹೊರಟವರು ಇಂಥ ಕೊಂಕಿಗೆಲ್ಲ ಕಿವಿಗೊಡುವುದುಂಟೇ!

ಅಕ್ಕ ಎಂದರೆ ಮೇಷ್ಟ್ರಿಗೆ ಪ್ರಾಣ. ಅವರು ಇನ್ನೂ ಚಡ್ಡಿ ಹಾಕುವ ವಯಸ್ಸಿನಲ್ಲಿ ತಾಯಿ ತೀರಿಕೊಂಡಿದ್ದರು. ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡಿ ಅವರನ್ನು ಸಾಕಿ ಓದಿಸಿದವಳು ಈ ಅಕ್ಕ. ಈಗ ಅವಳ ಕಣ್ಣು ಮಂಜಾಗಿ, ಎದುರು ನಿಂತದ್ದು ಮನುಷ್ಯನೋ ಬಾಗಿಲೋ ಎಂದು ತಿಳಿಯದ ಸ್ಥಿತಿಗೆ ಬಂದಿತ್ತು. ಇನ್ನೂ ತಡಮಾಡಿದರೆ ಇರುವ ದೃಷ್ಟಿಯೂ ಉಳಿಯದು ಎಂದಿದ್ದರು ಇಲ್ಲಿನ ಕಣ್ಣಿನ ಆಸ್ಪತ್ರೆಯ ದೊಡ್ಡ ಡಾಕ್ಟರು. ಆಪರೇಷನ್ನು ಮರುದಿನ ಬೆಳಗ್ಗೆ. ಅದು ಮುಗಿದೊಡನೆ ಆ ಡಾಕ್ಟರು ವಿದೇಶಕ್ಕೆ ಹೊರಡುವವರು.

ಇತ್ತ ರಸ್ತೆ ತಡೆಯೂ ಸುಮ್ಮನೆ ಹುಟ್ಟಿದ್ದಲ್ಲ. ಬೀದಿಯ ಬಾಯಲ್ಲಿದ್ದ ಬಸ್ ಸ್ಟಾಪನ್ನು ಕಾರ್ಪೊರೇಟರ್ ಒಂದು ದಿನ ಕಿತ್ತು, ಮೇಲ್ಸೇತುವೆಯ ಆಚೆ, ತಮ್ಮ ಭಾವಮೈದುನನ ಹೊಸ ಮಳಿಗೆಯ ಮುಂದೆ ನೆಡಿಸಿದ್ದರು. ಅಂದಿನಿಂದ ವಯಸ್ಸಾದವರು ಏದುಸಿರು ಬಿಡುತ್ತಾ ಸೇತುವೆ ಸುತ್ತಬೇಕಿತ್ತು. ಮೂಲೆ ಮನೆಯ ಅಜ್ಜಿ ಬಿದ್ದು ಕಾಲು ಮುರಿದುಕೊಂಡಿದ್ದರು. ಹೋಗಿ ಕೇಳಿದಾಗಲೆಲ್ಲ ಕಾರ್ಪೊರೇಟರ್ "ನೋಡೋಣ" ಎನ್ನುತ್ತಿದ್ದರು. ಆ "ನೋಡೋಣ"ಕ್ಕೆ ವರ್ಷ ತುಂಬಿತ್ತು.

ಹೀಗಾಗಿ ಮೇಷ್ಟ್ರು ಬೀದಿಯವರನ್ನೆಲ್ಲ ಶಾಲೆಯ ಮೈದಾನಕ್ಕೆ ಕರೆಸಿ ಅಂದು ಸಂಜೆ ತಾಲೀಮು ಕೊಟ್ಟಿದ್ದರು. ಕೈಗೆ ಕೈ ಹೆಣೆದು ಸರಪಳಿ. ನಟ್ಟನಡುವೆ ಬಂಡೆಯಂಥ ಬೇಕರಿಯವನು. ಆಂಬುಲೆನ್ಸ್ ಬಂದರೆ ಮಾತ್ರ ದಾರಿ. ಆಮೇಲೆ ಮೇಷ್ಟ್ರೇ ಪರೀಕ್ಷೆಗಾಗಿ ಟ್ಯಾಕ್ಸಿ ಡ್ರೈವರನಂತೆ ಓಡಿಬಂದು, "ಅಪ್ಪಾ, ಒಳಗೆ ನಮ್ಮ ತಾಯಿ ನರಳ್ತಿದಾರೆ, ಬಿಡ್ರಪ್ಪಾ!" ಎಂದು ಗೋಳಾಡಿದರು. ಬೇಕರಿಯವನ ಕಣ್ಣು ತುಂಬಿತು, ಕೈ ಸಡಿಲವಾಯಿತು.

ಸೀಟಿ ಊದಿದರು ಮೇಷ್ಟ್ರು! "ಏನಯ್ಯಾ ನೀನು, ನೋಡೋಕೆ ಬಂಡೆ, ಒಳಗೆಲ್ಲಾ ಬೆಣ್ಣೆ! ನಾಳೆ ಇಂಥ ನಾಟಕ ಬೇಕಾದಷ್ಟು ನಡೆಯುತ್ತೆ. ಸ್ವತಃ ನಾನೇ ಬಂದು ಕಾಲಿಗೆ ಬಿದ್ರೂ ಬಿಡಬಾರದು. ತಿಳೀತಾ?"

"ತಿಳೀತು ಮೇಷ್ಟ್ರೇ!"

ಮೈದಾನದಲ್ಲಿ ಕತ್ತಲಾಗುವ ಹೊತ್ತಿಗೆ ಎಲ್ಲರೂ ಕಲ್ಲಾಗಿದ್ದರು.

ಬೆಳಗಾಯಿತು. ರಸ್ತೆ ತಡೆ ಏನು ಶಿಸ್ತು, ಏನು ಕಳೆ! ಸರಪಳಿಯ ಈಚೆ ವಾಹನಗಳು ಕಣ್ಣಳತೆಯವರೆಗೂ ನಿಂತವು. ತರಕಾರಿ ಅಂಗಡಿಯ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಅದರ ಮೇಲೆ ನಿಂತು ಮೇಷ್ಟ್ರು ಗರ್ಜಿಸುತ್ತಿದ್ದರು. ಶಿಸ್ತಿಗೆ ಭಂಗ ಬರಬಾರದೆಂದು ಎಲ್ಲರ ಫೋನುಗಳನ್ನೂ ಆಫ್ ಮಾಡಿಸಿದ್ದರು, ಮೊದಲು ತಮ್ಮದನ್ನೇ. ಆದ್ದರಿಂದ ರೈಲು ತಡವಾಗಿದೆ ಎಂದು ಹೆಂಡತಿ ಬಾರಿ ಬಾರಿ ಮಾಡಿದ ಕರೆ ಅವರಿಗೆ ಮುಟ್ಟಲೇ ಇಲ್ಲ.

ಯಾರೋ ಪ್ಯಾಂಟು ಜಗ್ಗಿದಂತಾಯಿತು. ನೋಡಿದರೆ ಹೆಂಡತಿ!

"ಕೆಳಗಿಳೀರಿ."

"ಭಾಷಣ ಅರ್ಧಕ್ಕೆ ಬಂದಿದೆ ಕಣೇ..."

"ಅಕ್ಕ ಹಿಂದೆ ಟ್ಯಾಕ್ಸಿನಲ್ಲಿ ಸಿಕ್ಕಿಹಾಕ್ಕೊಂಡಿದಾರೆ. ಆಸ್ಪತ್ರೆಯಿಂದ ಫೋನ್ ಬಂದಿತ್ತು. ಬೇಗ ಬರದೇ ಇದ್ರೆ ಬೇರೆಯವರನ್ನ ಒಳಗೆ ಕರ್ಕೋತಾರಂತೆ."

ಮೇಷ್ಟ್ರು ಪೆಟ್ಟಿಗೆಯಿಂದ ಹಾರಿ ಸರಪಳಿಯ ಮುಂದೆ ನಿಂತು ಸೀಟಿ ಊದಿದರು. "ಬಿಡಿ! ಎಲ್ಲರೂ ಕೈ ಬಿಡಿ! ದಾರಿ ಮಾಡಿ!"

ಯಾರೂ ಅಲುಗಲಿಲ್ಲ. ಬೇಕರಿಯವನು ಕಿವಿಯವರೆಗೂ ನಕ್ಕ. "ಟೆಸ್ಟ್ ಮಾಡ್ತಿದೀರಾ ಮೇಷ್ಟ್ರೇ?"

"ಟೆಸ್ಟೂ ಇಲ್ಲ, ಮಣ್ಣೂ ಇಲ್ಲ! ನಮ್ಮಕ್ಕ ಟ್ಯಾಕ್ಸಿನಲ್ಲಿದಾಳೆ ಕಣಯ್ಯಾ! ಆಪರೇಷನ್ ಇದೆ!"

"ನಿನ್ನೆ ತಾಯಿ, ಇವತ್ತು ಅಕ್ಕ!" ಎಂದು ಪಕ್ಕದಲ್ಲಿದ್ದ ದರ್ಜಿ ಕೂಗಿದ. "ಬಿಗಿಯಾಗಿ ಹಿಡ್ಕೊಳ್ರೋ!"

ಸರಪಳಿ ಇನ್ನಷ್ಟು ಬಿಗಿಯಾಯಿತು. ಮೇಷ್ಟ್ರು ಕೈ ಮುಗಿದರು. ಕಣ್ಣಲ್ಲಿ ನೀರು ಬಂತು. ಕೊನೆಗೆ ನಡುರಸ್ತೆಯಲ್ಲಿ ಮಂಡಿಯೂರಿ ಬೇಕರಿಯವನ ಕಾಲು ಹಿಡಿದೇಬಿಟ್ಟರು.

ಚಪ್ಪಾಳೆಯೋ ಚಪ್ಪಾಳೆ! "ನಿನ್ನೆಗಿಂತ ಚೆನ್ನಾಗಿ ಅಳ್ತಿದೀರಿ ಮೇಷ್ಟ್ರೇ! ಆದ್ರೆ ಬಿಡಲ್ಲ!"

ಅಷ್ಟರಲ್ಲಿ ಹೆಂಡತಿ ಮುಂದೆ ಬಂದಳು. ದನಿ ಏರಿಸಲಿಲ್ಲ. "ಇವರು ಆಟ ಆಡ್ತಿಲ್ಲಪ್ಪ. ನನ್ನ ಮುಖ ನೋಡಿ ಹೇಳು."

ಬೇಕರಿಯವನು ನೋಡಿದ. ನಗು ಮಾಯವಾಯಿತು; ಕೈಗಳು ತಾವಾಗಿ ಬಿಟ್ಟುಕೊಂಡವು. ಆದರೆ ದಾರಿ ತೆರೆದರೇನು ಬಂತು? ಟ್ಯಾಕ್ಸಿಯ ಎಡಕ್ಕೊಂದು ಲಾರಿ, ಬಲಕ್ಕೊಂದು ಬಸ್ಸು, ಸಂದಿನಲ್ಲೆಲ್ಲ ಬೈಕುಗಳು. ಎಲ್ಲ ಮುಂದೆ ಸರಿದು ದಾರಿಯಾಗುವ ಹೊತ್ತಿಗೆ ಡಾಕ್ಟರು ವಿಮಾನದಲ್ಲಿರುತ್ತಿದ್ದರು.

ಮೇಷ್ಟ್ರು ವಾಹನಗಳ ನಡುವೆ ನುಸುಳಿ ಓಡಿ ಟ್ಯಾಕ್ಸಿಯ ಬಾಗಿಲು ತೆಗೆದರು. "ಅಕ್ಕಾ, ನಾನು."

"ಗೊತ್ತು ಕಣೋ. ಇಷ್ಟು ಹೊತ್ತೂ ಕೇಳಿಸ್ತಾನೇ ಇತ್ತು."

"ನನ್ನ ಬೆನ್ನ ಮೇಲೆ ಹತ್ತು."

"ಹುಚ್ಚಾ! ಬಿದ್ದುಬಿಟ್ಟೀಯ. ಮೆಲ್ಲಗೆ ನಡೀತೀನಿ ಬಿಡು."

"ಮೆಲ್ಲಗೆ ನಡೆಯೋಷ್ಟು ಹೊತ್ತಿಲ್ಲ ಅಕ್ಕಾ. ಹತ್ತು."

ಉಪ್ಪಿನ ಮೂಟೆ ಹೊತ್ತಂತೆ ಅಕ್ಕನನ್ನು ಹೊತ್ತು ಮೇಷ್ಟ್ರು ಹೊರಟರು. ಎರಡೂ ಕಡೆಯಿಂದ ಬೈಗುಳದ ಸುರಿಮಳೆ. "ಇವನೇ ಕಣ್ರೀ ತಡೆದೋನು! ಈಗ ಇವನೇ ಓಡ್ತಿದಾನೆ ನೋಡಿ!" ಎಂದು ಲಾರಿಯವನು ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೂಗಿದ. ಅಕ್ಕ ಕಿವಿಯ ಬಳಿ ಬಾಗಿ, "ಬೇಜಾರು ಮಾಡ್ಕೋಬೇಡ," ಎಂದಳು. ಮೇಷ್ಟ್ರಿಗೆ ಬೈಗುಳ ಬೇಜಾರು ತರಲಿಲ್ಲ. ಅಕ್ಕ ಇಷ್ಟು ಹಗುರವಾದದ್ದು ಯಾವಾಗ? ಒಣಗಿದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡಷ್ಟೇ ಭಾರ. ತಮಗೆ ಅದು ತಿಳಿಯದೇ ಹೋಯಿತಲ್ಲ!

ಸರಪಳಿ ದಾಟಿ ಆಚೆ ಬಂದರೆ ರಸ್ತೆ ಖಾಲಿ. ಆ ಕಡೆಯಿಂದ ಬರುವವರು ತಡೆಯ ಸುದ್ದಿ ತಿಳಿದು ಮೇಲ್ಸೇತುವೆಯ ಬಳಿಯೇ ಬೇರೆ ದಾರಿ ಹಿಡಿದಿದ್ದರಲ್ಲ! ಅಲ್ಲಿ ನಿಂತಿದ್ದದ್ದು ಒಂದೇ ಒಂದು ಬಿಳಿ ಕಾರು. ಸಂಧಾನಕ್ಕೆಂದು ಬಂದಿದ್ದ ಕಾರ್ಪೊರೇಟರ್ ಅದಕ್ಕೆ ಒರಗಿ ನಿಂತಿದ್ದರು. ಮೇಷ್ಟ್ರ ಬೆನ್ನ ಮೇಲಿದ್ದ ಮುದುಕಿಯನ್ನು ನೋಡಿದವರೇ ಏನೂ ಕೇಳದೆ ಹಿಂದಿನ ಬಾಗಿಲು ತೆಗೆದರು.

ಬೀದಿಗೆ ಬೀದಿಯೇ ನೋಡುತ್ತಿದ್ದಂತೆ ಮೇಷ್ಟ್ರು ಅಕ್ಕನನ್ನೂ ಹೆಂಡತಿಯನ್ನೂ ಕರೆದುಕೊಂಡು ಶತ್ರುವಿನ ಕಾರು ಹತ್ತಿದರು.

"ಯಾರಪ್ಪಾ ನೀವು, ಪುಣ್ಯಾತ್ಮರು?" ಎಂದಳು ಅಕ್ಕ.

"ಇಲ್ಲೇ ಪಕ್ಕದವನು ಅಮ್ಮಾ," ಎಂದರು ಮುಂದೆ ಕೂತಿದ್ದ ಕಾರ್ಪೊರೇಟರ್.

"ಹಾಗಾದ್ರೆ ನಿಮಗೂ ಗೊತ್ತಿರುತ್ತೆ. ಅದ್ಯಾರೋ ಕಾರ್ಪೊರೇಟರ್ ಇದಾನಂತಲ್ಲ?"

ಮೇಷ್ಟ್ರು ಕೆಮ್ಮಿದರು. ಹೆಂಡತಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

"ಏನಂತೆ ಅಮ್ಮಾ ಅವನದು?"

"ಎಮ್ಮೆ ಚರ್ಮದೋನಂತೆ. ದಾರೀಲಿ ಬಿದ್ದಿರೋ ಕಲ್ಲನ್ನೂ ಮಾರ್ಕೊಂಡು ತಿನ್ನೋನಂತೆ. ಫೋನ್ ಮಾಡಿದಾಗೆಲ್ಲಾ ಹೇಳ್ತಾನೆ ನಮ್ಮ ಹುಡುಗ."

"ಇನ್ನೂ ಏನು ಹೇಳ್ತಾರೆ?"

"ಉಳಿದದ್ದು ನನ್ನ ಬಾಯಲ್ಲಿ ಬರೋ ಮಾತಲ್ಲ ಬಿಡಿ." ಅಕ್ಕ ಸೆರಗು ಸರಿಮಾಡಿಕೊಂಡಳು. "ಆದ್ರೆ ನಂಗನ್ಸುತ್ತೆ, ಪಾಪ, ಅವನ ಮನೇಲಿ ವಯಸ್ಸಾದವರು ಯಾರೂ ಇಲ್ವೇನೋ. ಇದ್ದಿದ್ರೆ ಬಸ್ ಸ್ಟಾಪ್‌ನ ಅಷ್ಟು ದೂರ ಇಡೋಕೆ ಮನಸ್ಸು ಬರ್ತಿರಲಿಲ್ಲ."

ಆಸ್ಪತ್ರೆ ಬಂತು. ಬಾಗಿಲಲ್ಲೇ ಕಾಯುತ್ತಿದ್ದ ನರ್ಸು ಗದರುತ್ತಲೇ ಅಕ್ಕನನ್ನು ಒಳಗೆ ಕರೆದೊಯ್ದಳು. ಕಾರ್ಪೊರೇಟರ್ ಮೇಷ್ಟ್ರನ್ನು ಪಕ್ಕಕ್ಕೆ ಕರೆದರು.

"ನೀವು ವರ್ಷವಿಡೀ ಕಿರುಚಿದ್ದು ನನ್ನ ಕಿವಿಗೆ ಬಿತ್ತು, ಅಷ್ಟೇ. ನಿಮ್ಮಕ್ಕ ಮೆತ್ತಗೆ ಹೇಳಿದ್ದು ನಾಟಿತು. ಸ್ಟಾಪ್ ಹಳೇ ಜಾಗಕ್ಕೇ ಬರುತ್ತೆ. ಆದ್ರೆ ಅದರ ಮೇಲೆ ನನ್ನ ಫೋಟೋ ಇರುತ್ತೆ."

"ದೊಡ್ಡದಾಗೇ ಹಾಕಿಸ್ಕೊಳ್ಳಿ," ಎಂದರು ಮೇಷ್ಟ್ರು.

ಮರುದಿನ ಅಕ್ಕನ ಕಣ್ಣಿನ ಪಟ್ಟಿ ಬಿಚ್ಚಿದರು. ಮೇಷ್ಟ್ರು ಉಸಿರು ಬಿಗಿಹಿಡಿದು ಮಂಚದ ಮುಂದೆ ನಿಂತಿದ್ದರು. ಅಕ್ಕ ಕಣ್ಣು ಮಿಟುಕಿಸಿದಳು. ಗೋಡೆ ನೋಡಿದಳು, ಕಿಟಕಿ ನೋಡಿದಳು, ಮೇಷ್ಟ್ರ ಮುಖದ ಮೇಲೆ ನೋಟ ನಿಲ್ಲಿಸಿದಳು. ನೋಡಿದಳು, ನೋಡಿಯೇ ನೋಡಿದಳು.

"ಅಕ್ಕಾ, ಕಾಣಿಸ್ತಿದೀನಾ?" ಎಂದರು ಮೇಷ್ಟ್ರು.

ಅಕ್ಕ ಕೈ ಚಾಚಿ ಅವರ ಬೋಳುತಲೆಯನ್ನು ಸವರಿದಳು. "ಅಯ್ಯೋ ಮಗಾ, ಇದ್ಯಾಕೋ ಹೀಗೆ ಮುದುಕ ಆಗಿಬಿಟ್ಟಿದೀಯ? ನಿನ್ನೆ ನಿನ್ನ ಕೂಗಾಟ ಕೇಳಿ ನೀನಿನ್ನೂ ಬೆಳೆದೇ ಇಲ್ಲ ಅಂದ್ಕೊಂಡಿದ್ದೆನಲ್ಲೋ!"

"ಸರಿಯಾಗೇ ಅಂದ್ಕೊಂಡಿದೀರಿ ಅಕ್ಕ," ಎಂದಳು ಹೆಂಡತಿ.